ಗುಂಡನ ಲಸಿಕೆ ಕಾರ್ಡ್

ನಾಯಿ ಗುಂಡ ಊಟ ಮಾಡುತ್ತಿದ್ದಾಗ ಪೇಂಟರನ ಅತ್ತೆ ಅದರ ತಟ್ಟೆಯನ್ನು ಪಕ್ಕಕ್ಕೆ ಸರಿಸಲು ಹೋದರು. ಗುಂಡ ಅವರ ಮುಂಗೈಗೆ ಬಾಯಿ ಹಾಕಿತು. ಪೇಂಟರ್ ಓಡಿ ಬಂದು ಬಿಡಿಸಿದ. ಅವನ ಹೆಂಡತಿ ಅಮ್ಮನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ಗಡಿಯಾರ ನೋಡಿಕೊಂಡೇ ಹದಿನೈದು ನಿಮಿಷ ಸೋಪು ಹಚ್ಚಿ ತೊಳೆದಳು. ಆಮೇಲೆ ಮೂರು ವರ್ಷದ ಮಗಳನ್ನೂ ಎತ್ತಿಕೊಂಡು ಎಲ್ಲರೂ ಆಸ್ಪತ್ರೆಗೆ ಹೋದರು.

"ನಾಯಿಗೆ ಲಸಿಕೆ ಆಗಿದೆಯಾ?" ಎಂದು ನರ್ಸ್ ಕೇಳಿದಳು. ಹೆಂಡತಿ ಚೀಲದಿಂದ ಕಾರ್ಡ್ ತೆಗೆದುಕೊಟ್ಟಳು. ಅದರಲ್ಲಿ ಮೂರು ವರ್ಷದ ಮೂರು ತಾರೀಖುಗಳಿದ್ದವು, ಮೂರು ಸಹಿಗಳಿದ್ದವು.

"ಕಾರ್ಡ್ ಸರಿಯಾಗೇ ಇದೆ. ಆದ್ರೂ ನೀವು ಇಂಜೆಕ್ಷನ್ ತಗೊಳ್ಳೋದೇ ಒಳ್ಳೇದಮ್ಮ."

"ಬೇಡಮ್ಮ. ನಮ್ಮ ಅಳಿಯಂದಿರು ವರ್ಷ ವರ್ಷ ತಪ್ಪದೆ ಹಾಕಿಸಿದ್ದಾರೆ. ಸುಮ್ನೆ ಯಾಕೆ ಚುಚ್ಚಿಸ್ಕೊಳ್ಳಲಿ?" ಎಂದು ಅತ್ತೆ ಎದ್ದು ಚಪ್ಪಲಿ ಹುಡುಕತೊಡಗಿದರು.

ಪೇಂಟರ್ ಅಂಗಡಿಗಳಿಗೆ ಬೋರ್ಡ್ ಬರೆಯುವವನು. ಯಾರ ಅಕ್ಷರವನ್ನಾದರೂ ಪಡಿಯಚ್ಚಿನಂತೆ ಇಳಿಸಬಲ್ಲ; ನಾಯಿ ಡಾಕ್ಟರರ ಅಕ್ಷರವನ್ನೂ. ಮರಿ ಗುಂಡನಿಗೆ ಮೊದಲ ಸಲ ಸೂಜಿ ಚುಚ್ಚಿದಾಗ ಅದು ಕಿರುಚಿದ್ದು ಕೇಳಲಾರದೆ ಅವನು ಕಿವಿ ಮುಚ್ಚಿಕೊಂಡು ಹೊರಗೋಡಿದ್ದ. ಮುಂದಿನ ಎರಡು ವರ್ಷವೂ ಅವನು ಗುಂಡನನ್ನು ಪಾರ್ಕಿನಲ್ಲಿ ಒಂದು ಗಂಟೆ ಅಡ್ಡಾಡಿಸಿ, ಬೆಂಚಿನ ಮೇಲೆ ಕುಳಿತು ಕಾರ್ಡ್ ತುಂಬಿ, ಮನೆಗೆ ಕರೆತಂದಿದ್ದ. "ಅತ್ತಿತಾ?" ಎಂದು ಹೆಂಡತಿ ಕೇಳಿದರೆ, "ಸ್ವಲ್ಪ" ಎನ್ನುತ್ತಿದ್ದ.

ಅತ್ತೆಗೆ ಒಂದು ಚಪ್ಪಲಿ ಸಿಕ್ಕಿತು.

"ಅತ್ತೆ, ಕೂತ್ಕೊಳ್ಳಿ" ಎಂದ ಪೇಂಟರ್. "ಮೊದಲನೇದು ಡಾಕ್ಟರ್ ಬರೆದದ್ದು. ಉಳಿದೆರಡು ನಾನೇ ಬರೆದದ್ದು."

ನರ್ಸ್ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಸಹೀನೂ ನೀವೇನಾ?"

"ಹೌದು."

"ಆ ಡಾಕ್ಟರಿಗೇ ತೋರಿಸಿದ್ರೂ ನಂದೇ ಸಹಿ ಅಂತಾರೆ" ಎಂದು ಅವಳು ಸಿರಿಂಜು ಕೈಗೆತ್ತಿಕೊಂಡಳು.

ಅತ್ತೆ ಕುಳಿತು ತೋಳು ಚಾಚಿದರು. "ನಾಯಿ ಮೇಲೆ ನಂಗೇನೂ ಕೋಪ ಇಲ್ಲ" ಎಂದರು. "ಅದು ಬಾಯಿ ಹಾಕೋ ಮುಂಚೆ ಗುರ್ ಅಂತಾದ್ರೂ ಅಂದಿತ್ತು."

ಹೆಂಡತಿ ಮಗಳನ್ನು ಎತ್ತಿಕೊಂಡು ಬಾಗಿಲ ಬಳಿ ಹೋಗಿ ನಿಂತಳು. ಬೇರೆ ಯಾರಿಗಾದರೂ ಹಲ್ಲು ತಾಗಿದೆಯೇ ಎಂದು ನರ್ಸ್ ಕೇಳಿದಾಗ ಪೇಂಟರ್ ಗೀರುಬಿದ್ದ ಹೆಬ್ಬೆರಳು ತೋರಿಸಿದ. ಅವನಿಗೂ ಚುಚ್ಚಿದರು. ಕಣ್ಣು ಮುಚ್ಚಿಕೊಂಡು ಹೆಂಡತಿಯ ಕೈಗಾಗಿ ತಡಕಾಡಿದ. ಕುರ್ಚಿಯ ಕೈ ಸಿಕ್ಕಿತು.

ನಾಯಿಯ ಮೇಲೆ ಹತ್ತು ದಿನ ಕಣ್ಣಿಡಬೇಕೆಂದು ಹೇಳಿ ಕಳಿಸಿದರು. ಹತ್ತು ದಿನವೂ ಗುಂಡ ಎಂದಿನಂತೆ ಉಂಡಿತು, ಎಂದಿನಂತೆ ನಿದ್ದೆ ಹೊಡೆಯಿತು. ಅತ್ತೆ, ಅಳಿಯ ಮಾತ್ರ ಹೇಳಿದ ತಾರೀಖಿಗೆ ಸರಿಯಾಗಿ ಹೋಗಿ, ಒಂದೇ ಬೆಂಚಿನ ಎರಡು ತುದಿಯಲ್ಲಿ ಕುಳಿತು, ಚುಚ್ಚಿಸಿಕೊಂಡು ಬಂದರು. ಹನ್ನೊಂದನೆಯ ದಿನ ಹೆಂಡತಿಯೇ ಗುಂಡನನ್ನು ಲಸಿಕೆಗೆ ಕರೆದೊಯ್ದಳು. ಅದು ಒಮ್ಮೆ ಕುಂಯ್ ಎಂದಿತು, ಅಷ್ಟೆ.

ಮನೆಗೆ ಬಂದವಳು ಬೀರು ತೆರೆದಳು. ಗುಂಡನ ಹೊಸ ಕಾರ್ಡನ್ನು ಒಳಗಿಟ್ಟು, ಮಗಳ ಲಸಿಕೆ ಕಾರ್ಡನ್ನು ಹೊರಗೆ ತೆಗೆದಳು. ಅವಳು ಕೆಲಸಕ್ಕೆ ಹೋಗುತ್ತಿದ್ದುದರಿಂದ ಮಗುವನ್ನು ಪ್ರತಿಸಲವೂ ಪೇಂಟರನೇ ಕರೆದೊಯ್ದಿದ್ದ.

"ಇದು ಯಾರ ಅಕ್ಷರ?"

"ನರ್ಸಮ್ಮಂದು ಕಣೆ. ಮಗು ಆಣೆಗೂ."

"ಇದು?"

"ಅದೂ ಅವರದ್ದೇ."

ಅವನು ಹೇಳಿದ್ದು ನಿಜವೇ ಆಗಿತ್ತು. ಅವಳು ಮಗುವನ್ನು ಸೊಂಟಕ್ಕೇರಿಸಿಕೊಂಡು, ಕಾರ್ಡ್ ಹಿಡಿದು, ನರ್ಸನ್ನು ಕೇಳಿಬರಲು ಹೊರಟಳು.