ಹಗ್ಗ ಹಿಡಿಯುವವನು

ನಾಸ್ತಿಕನ ಎರಡೂ ಅಂಗೈಗೆ ಬ್ಯಾಂಡೇಜು ಸುತ್ತಿತ್ತು. ಅವಳ ಕಣ್ಣು ಮೊದಲು ಹೋದದ್ದೇ ಅಲ್ಲಿಗೆ.

ತನಿಖಾಧಿಕಾರಿಯ ಕೋಣೆಯ ಹೊರಗಿನ ಬೆಂಚಿನಲ್ಲಿ ಆ ತುದಿಗೆ ಗಂಡನ ಜೊತೆ ಕೆಲಸ ಮಾಡುತ್ತಿದ್ದ ಅವನು, ಈ ತುದಿಗೆ ಅವಳು. ಗಂಡ ಸತ್ತು ಇನ್ನೂ ವಾರ ತುಂಬಿರಲಿಲ್ಲ. ಕೊಂದವರು ಯಾರೆಂದು ಇವತ್ತು ಇತ್ಯರ್ಥವಾಗಬೇಕಿತ್ತು. ಆಗದೆ ಮನೆಗೆ ಹೋಗಿ ಮಗಳ ಮುಖ ನೋಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಕೈಗೇನಾಯ್ತು?"

"ಏನಿಲ್ಲ ಅತ್ತಿಗೆ. ಸುಲಿದಿದೆ ಅಷ್ಟೇ."

"ಮೆಷೀನಿಗೆ ಕೈ ಹಾಕಿದ್ಯಾ?"

ಅವನು ನೆಲ ನೋಡಿದ. ಉತ್ತರ ಸಿಕ್ಕಿತು ಅಂದುಕೊಂಡಳು ಅವಳು.

ಗಂಡನದು ಬಣ್ಣದ ಕಾರ್ಖಾನೆಯ ತೊಟ್ಟಿ ತೊಳೆಯುವ ಕೆಲಸ. ನೆಲದಡಿಯ ತೊಟ್ಟಿ, ಒಬ್ಬ ಮನುಷ್ಯ ನುಸುಳುವಷ್ಟೇ ಬಾಯಿ, ಒಳಗೆ ಕೆಸರು, ವಿಷದ ಗಾಳಿ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಒಬ್ಬ ಇಳಿಯುತ್ತಾನೆ, ಇನ್ನೊಬ್ಬ ಮೇಲೆ ಹಗ್ಗ ಹಿಡಿದು ನಿಲ್ಲುತ್ತಾನೆ. ಒಳಗೆ ಗಾಳಿ ಊದುವ ಯಂತ್ರ ಗೋಡೆಯ ಆಚೆ ಇದೆ. ಕಾರ್ಖಾನೆಯ ಗದ್ದಲದಲ್ಲಿ ಕೂಗಿದರೆ ಕೇಳುವುದಿಲ್ಲ, ಇಣುಕಿದರೆ ಕಾಣುವುದಿಲ್ಲ. ಮಾತುಕತೆಯೆಲ್ಲ ಹಗ್ಗದಲ್ಲೇ. ಒಮ್ಮೆ ಜಗ್ಗಿದರೆ ಕ್ಷೇಮ, ಬಿಡದೆ ಜಗ್ಗಿದರೆ ಎಳೆ.

ಆ ಹಗ್ಗ ವರ್ಷಗಟ್ಟಲೆ ನಾಸ್ತಿಕನ ಕೈಯಲ್ಲಿತ್ತು. ಅವಳ ಅಂಜಿಕೆಯೂ ಅಷ್ಟೇ ಹಳೆಯದು. ದೇವರಿಲ್ಲ ಎಂದು ಎಲ್ಲರೆದುರು ಹೇಳಿಕೊಂಡು ತಿರುಗುವ ಮನುಷ್ಯನ ಕೈಗೆ ಯಾರಾದರೂ ಪ್ರಾಣ ಕೊಡುತ್ತಾರೆಯೇ?

"ಮೇಲೊಬ್ಬ ನೋಡ್ತಿದ್ದಾನೆ ಅನ್ನೋ ಹೆದರಿಕೆ ಇಲ್ಲದವನು ಕಣ್ರೀ. ಹಗ್ಗ ಬಿಟ್ಟು ಸಿಗರೇಟು ಸೇದೋಕೆ ಹೋದರೆ ಯಾರು ಕೇಳ್ತಾರೆ ಅವನನ್ನ?"

"ಅವನಾ? ನಾನು ಕೆಳಗೆ ಸೀನಿದ್ರೂ ಜಗ್ಗಿ ವಿಚಾರಿಸ್ತಾನೆ ಕಣೇ. ನನ್ನ ಸೊಂಟ ಬಿದ್ದುಹೋಗಿದೆ." ಗಂಡ ನಗುತ್ತಿದ್ದ.

ಅವಳು ನಗಲಿಲ್ಲ. ಉಣ್ಣುವಾಗ ತಲೆ ತಿಂದಳು, ಮಲಗುವಾಗ ತಲೆ ತಿಂದಳು, ಆಮೇಲೆ ಮಾತೇ ಬಿಟ್ಟಳು. ಕೊನೆಗೆ ಮಗಳ ಮೇಲೆ ಆಣೆ ಹಾಕಿಸಿ ಗಂಡನನ್ನು ಒಪ್ಪಿಸಿದಳು. ಹಗ್ಗ ದೊಡ್ಡಣ್ಣನಿಗೆ ಹೋಯಿತು, ಗಾಳಿಯ ಯಂತ್ರ ನಾಸ್ತಿಕನಿಗೆ. ಅದೇ ಕಾರ್ಖಾನೆಯಲ್ಲಿ ತಲೆ ಹಣ್ಣಾದವನು ದೊಡ್ಡಣ್ಣ. ಒಂದು ಕೆಟ್ಟ ಮಾತು ಆಡಿದವನಲ್ಲ, ದೇವರ ಹೆಸರೆತ್ತದೆ ಒಂದು ಲೋಟ ನೀರು ಕುಡಿದವನಲ್ಲ. ಆ ರಾತ್ರಿ ಅವಳು ಎಷ್ಟೋ ಕಾಲದ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಮರುದಿನವೇ ಗಾಳಿ ನಿಂತಿತು. ಗಂಡ ಹೆಣವಾಗಿ ಮೇಲೆ ಬಂದ.

ಬೀದಿಗೆ ಬೀದಿಯೇ ತೀರ್ಪು ಕೊಟ್ಟಾಗಿತ್ತು. ಹಗ್ಗ ಕಿತ್ತುಕೊಂಡ ಸಿಟ್ಟಿಗೆ ನಾಸ್ತಿಕ ಯಂತ್ರ ನಿಲ್ಲಿಸಿದ. ಪಾಪಪುಣ್ಯ ಇಲ್ಲದವನಿಗೆ ಏನಂತೆ?

"ಆವತ್ತು ಏನಾಯ್ತು, ನಿಜ ಹೇಳು," ಎಂದಳು ಬೆಂಚಿನ ಮೇಲಿಂದ.

"ಹಗ್ಗ ನನ್ನ ಕೈಲಿರಬೇಕಿತ್ತು ಅತ್ತಿಗೆ."

"ಹೆಣ ಮಣ್ಣಾದ ಮೇಲೂ ಅದೇ ಹೊಟ್ಟೆಕಿಚ್ಚಾ ನಿನಗೆ?"

ಅವನು ಏನೋ ಹೇಳಲು ಬಾಯಿ ತೆರೆದ. ಅವಳ ಮುಖ ನೋಡಿದ. ಮಾತು ನುಂಗಿಕೊಂಡ. "ಮಗಳನ್ನ ನೋಡ್ಕೊಳ್ಳಿ. ಇದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ."

ತನ್ನ ತಪ್ಪು! ಅವಳಿಗೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಬರೀ ಅನುಮಾನವಿತ್ತು, ಈಗ ಅದು ಖಚಿತವಾಯಿತು.

ಒಳಗೆ ಕರೆದರು. ಸತ್ಯವನ್ನೇ ಹೇಳುತ್ತೇನೆಂದು ದೊಡ್ಡಣ್ಣ ದೇವರ ಮೇಲೆ ಆಣೆಯಿಟ್ಟ.

"ಒಳಗಿನಿಂದ ಹಗ್ಗ ಜಗ್ಗಿದ್ದು ಗೊತ್ತಾಯ್ತಾ?" ಅಧಿಕಾರಿ ಕೇಳಿದ.

"ಇಲ್ಲ ಸ್ವಾಮಿ, ಒಂದು ಸಲವೂ ಇಲ್ಲ. ಸುಳ್ಳಾಡಿದ್ರೆ ಆ ದೇವರು ನನ್ನ ಸುಮ್ಮನೆ ಬಿಡಲ್ಲ." ಮುದುಕ ಗಳಗಳ ಅತ್ತುಬಿಟ್ಟ. ಅಧಿಕಾರಿ ನೀರಿನ ಲೋಟ ಅವನ ಕಡೆ ಸರಿಸಿ, ಮುಂದೆ ಏನೂ ಕೇಳಲಿಲ್ಲ.

ನಾಸ್ತಿಕ ಆಣೆಯಿಡಲಿಲ್ಲ. "ನಂಬಿಕೆ ಇಲ್ಲದೆ ಆಣೆ ಇಟ್ರೆ ಅದೇ ಮೊದಲ ಸುಳ್ಳಾಗುತ್ತೆ ಸಾರ್," ಎಂದ. ಅಧಿಕಾರಿಯ ಹುಬ್ಬು ಗಂಟಿಕ್ಕಿತು.

"ಯಂತ್ರ ನೀನೇ ನಿಲ್ಲಿಸಿದ್ಯಾ?"

"ಬೆಲ್ಟು ತುಂಡಾಯ್ತು. ತೊಟ್ಟಿ ಬಾಯಿಗೆ ಓಡಿದೆ."

"ಅಲ್ಲಿ ಏನು ನೋಡಿದೆ?"

ಅವನು ತನ್ನ ಬ್ಯಾಂಡೇಜು ನೋಡಿಕೊಂಡ. ಅವಳ ಕಡೆ ತಿರುಗಿದ, ಮತ್ತೆ ಮೇಜಿನ ಕಡೆ.

"ಏನೂ ನೋಡಲಿಲ್ಲ. ತಪ್ಪು ನನ್ನದೇ ಅಂತ ಬರ್ಕೊಳ್ಳಿ."

ಅಧಿಕಾರಿ ಅವಳನ್ನು ಕೇಳಿದ, "ನಿಮಗೆ ಯಾರ ಮೇಲಾದ್ರೂ ಅನುಮಾನ ಇದೆಯಾಮ್ಮಾ?"

"ಅನುಮಾನ ಅಲ್ಲ. ಇವನೇ ಕೊಂದದ್ದು." ಅವಳ ದನಿ ನಡುಗಲಿಲ್ಲ.

ಪೊಲೀಸರು ನಾಸ್ತಿಕನ ತೋಳು ಹಿಡಿದರು. ಅವನು ಕೊಸರಾಡಲಿಲ್ಲ, ತಿರುಗಿ ನೋಡಲೂ ಇಲ್ಲ. ಬಾಯಿ ಬಿಡಲು ಧೈರ್ಯವೆಲ್ಲಿಂದ ಬರಬೇಕು ಅವನಿಗೆ ಅಂದುಕೊಂಡಳು.

ದೊಡ್ಡಣ್ಣ ಅವಳನ್ನು ಮನೆಯವರೆಗೆ ಬಿಡಲು ಬಂದ. ಗೆದ್ದ ಹಾಗೆ ಏನೂ ಅನಿಸಲಿಲ್ಲ ಅವಳಿಗೆ. ಬಾಗಿಲ ಹತ್ತಿರ ಬಂದಾಗ ತಡೆಯಲಾಗದೆ ಅಳು ಬಂತು.

"ಆ ಕತ್ತಲಲ್ಲಿ ಒಂಟಿಯಾಗಿ ಒದ್ದಾಡಿರ್ತಾರೆ ದೊಡ್ಡಣ್ಣ. ಆ ಹೊತ್ತಲ್ಲಿ ಅವರ ಬಗ್ಗೆ ಯೋಚನೆ ಮಾಡೋರು ಒಬ್ಬರೂ ಇರಲಿಲ್ಲವಲ್ಲ."

ಮುದುಕ ಅವಳ ತಲೆ ನೇವರಿಸಿದ. ಅವನ ಕಣ್ಣಲ್ಲೂ ನೀರಿತ್ತು, ಅದರಲ್ಲಿ ಕಪಟವಿರಲಿಲ್ಲ.

"ಹಾಗನ್ನಬೇಡ ತಂಗಿ. ಅವನಿಗೆ ಏನೂ ಆಗದಿರಲಿ ಅಂತ ಬೇಡಿಕೊಳ್ತಾ ಕಣ್ಣು ಮುಚ್ಚಿ ನಿಂತವನು ನಾನು, ಅವನು ಇಳಿದಾಗಿನಿಂದ ಆ ನಾಸ್ತಿಕ ಬಂದು ನನ್ನ ತಳ್ಳಿ ಹಗ್ಗ ಎಳೆಯೋವರೆಗೂ ಮುಗಿದ ಎರಡು ಕೈ ಬಿಚ್ಚಲೇ ಇಲ್ಲ."