ಕೊನೆಯ ಚಿತ್ರ

ಮಾರಿಯ ಕಥೆಯನ್ನು ಕಾಮಿಕ್ಸ್ ಮಾಡಲು ಬೆಟ್ಟದ ಹಳ್ಳಿಗೆ ಬಂದವನಿಗೆ ಕೊನೆಯ ಚಿತ್ರವೊಂದೇ ಬಾಕಿಯಿತ್ತು. ಊಟ ಬಡಿಸುತ್ತಿದ್ದ ಅಜ್ಜಿಯನ್ನು ಕೇಳಿದ.

“ಸಿಡುಬಿನ ಮಾರೀನ ಊರಿಂದ ಹೇಗೆ ಕಳಿಸ್ತೀರಿ, ಅಜ್ಜೀ?”

“ನೀ ಹೊರಡೋವಾಗ ತೋರಿಸ್ತೀನಿ, ಇನ್ನೊಂದು ಮುದ್ದೆ ಉಣ್ಣು. ಮನೇಲಿ ಹೆಣ್ಮಗು ಐತೆ ಅಂದ್ಯಲ್ಲ?”

ಹೊರಡುವ ದಿನ ಇಡೀ ಊರೇ ಗಡಿಕಲ್ಲಿನವರೆಗೆ ಬಂತು. ಹಸಿರು ಬಳೆ, ಬೇವಿನಸೊಪ್ಪು ಕಟ್ಟಿದ್ದ ಗಂಟೊಂದನ್ನು ಅಜ್ಜಿ ಅವನ ಕೈಗಿಟ್ಟಳು.

“ನಿನ್ನ ಮಗಳಿಗೆ.”

ಕಲ್ಲು ದಾಟಿ ಅವನು ಕೇಳಿದ, “ಮತ್ತೆ ಕೊನೆಯ ಚಿತ್ರ?”

“ಇದೇಯ. ಮಾರಿ ಈಗ ನಿನ್ನ ಜತೆ ಹೊರಟ್ಳು. ನಮ್ಗೂ ಮಕ್ಕಳವೆ ಕಣಪ್ಪಾ.”

ಅವನು ಗಂಟನ್ನು ಹಳ್ಳಕ್ಕೆ ಎಸೆದುಬಿಟ್ಟ. ಆಗಲೇ ಮೊಬೈಲಿಗೆ ಸಿಗ್ನಲ್ ಸಿಕ್ಕಿ, ಮಗಳ ಕರೆ ಬಂತು.

“ಅಪ್ಪಾ, ಮನೆಗೆ ಯಾರೋ ಅಮ್ಮ ಬಂದಿದ್ದಾರೆ. ‘ನನ್ನ ಬಳೆ ಯಾಕೆ ಎಸೆದ ನಿಮ್ಮಪ್ಪ?’ ಅಂತ ಕೇಳ್ತಿದ್ದಾರೆ.”