ಮೂರನೇ ಕಾರ್ಡು

"ಅಕ್ಕಾ, ನೀವು ಗಂಡನ ಮನೆ ಬಿಡೋ ಯೋಚನೆಯಲ್ಲಿದ್ದೀರಿ," ಎಂದಳು ಬ್ಯೂಟಿ ಪಾರ್ಲರಿನ ಹುಡುಗಿ, ಟೈಲರಮ್ಮನ ಮುಂದಿಟ್ಟ ಮೂರನೇ ಕಾರ್ಡಿನ ಮೇಲೆ ಅಂಗೈ ಊರಿ. "ಹೊಲಿಗೆ ಮೆಷಿನ್ ಹಿಂದೆ ಸೂಟ್‌ಕೇಸೂ ರೆಡಿ ಇದೆ."

ಭವಿಷ್ಯ ಹೇಳೋ ಕಾರ್ಡು ಕಲಿಯುತ್ತಿದ್ದ ಗುಂಪಿನವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಮೊದಲು ಚಪ್ಪಾಳೆ ತಟ್ಟಿದವಳು, ಟೈಲರಮ್ಮನನ್ನು ಇಲ್ಲಿಗೆ ಕರೆತಂದಿದ್ದ ಅವಳ ತಂಗಿ. "ನೋಡಿದ್ಯಾ ಅಕ್ಕ, ಕಾರ್ಡು ಸುಳ್ಳು ಹೇಳಲ್ಲ!"

ಟೈಲರಮ್ಮ ತಂಗಿಯತ್ತ ತಿರುಗಿದಳು. ಆ ಸೂಟ್‌ಕೇಸಿನ ಸುದ್ದಿಯನ್ನು ಅವಳು ಹೇಳಿಕೊಂಡದ್ದು ಈ ತಂಗಿಯ ಹತ್ತಿರ ಮಾತ್ರ, ಅದೂ ಆಣೆ ಹಾಕಿಸಿಕೊಂಡು. ಚಪ್ಪಾಳೆಗೆ ಬೀಗಿದ ಹುಡುಗಿ ಅಂಗೈ ಎತ್ತಿದಳು. ಕಾರ್ಡು ಇನ್ನೂ ಬೋರಲಾಗೇ ಇತ್ತು.

"ಚೆನ್ನಾಗಿ ಹೇಳಿದೆ ಕಣಮ್ಮ," ಎಂದಳು ಟೈಲರಮ್ಮ, ತಂಗಿಯ ಮೇಲೆ ನೆಟ್ಟ ಕಣ್ಣು ಕೀಳದೆ. "ಈಗ ಆ ಕಾರ್ಡನ್ನ ತಿರುಗಿಸು. ಅದೇನು ಹೇಳುತ್ತೋ ಕೇಳೋಣ."